ಯಾವ ಬೆಳಕಿನ ವೇಷ ಇದು?

14 ಜುಲೈ 2024, ಆದಿತ್ಯವಾರ

ಕಂಪ್ಯೂಟರಿನಲ್ಲಿ ಬರೆಯುತ್ತಿರುವ ಯಕ್ಷಗಾನದ ಬಣ್ಣದ ವೇಷದ, ಅಂದರೆ ರಕ್ಕಸನ, ಮುಖಕ್ಕೆ ಫ್ಲ್ಯಾಟ್ಸ್ (ನೆರಳಿಲ್ಲದ ಮೂಲ ಬಣ್ಣಗಳು) ತುಂಬಿ ಆಯಿತು. ಅರದಾಳದ ಹಳದಿಗೆ ಒಂದು ಲೇಯರ್ (ಪದರ), ಇಂಗಳೀಕದ ಕೆಂಪಿಗೆ ಒಂದು, ಕಾಡಿಗೆಗೆ ಒಂದು, ಎಲ್ಲಕ್ಕಿಂತ ಮೇಲೆ ಚಿಟ್ಟಿ, ಮುಖದ ಮೇಲೆ ಇಡುವ ಬಿಳಿ ಮುಳ್ಳುಗಳು. ಸ್ಕ್ಯಾನ್ ಮಾಡಿದ ಶಾಯಿ ಗೆರೆಗಳನ್ನು, ಮೇಲಿನ ಲೇಯರನ್ನು ಕೆಳಗಿನದರ ಜೊತೆ ಬೆರೆಸುವ ಮಲ್ಟಿಪ್ಲೈಗೆ ಹಾಕಿದರೆ ಕಾಗದದ ಬಿಳಿ ಮಾಯವಾಗಿ ಗೆರೆ ಮಾತ್ರ ನಿಲ್ಲುತ್ತದಲ್ಲ, ಅದನ್ನು ನೋಡುವುದೇ ಒಂದು ಖುಷಿ. ಚಿತ್ರ ಬರೆಯುವ ತಂತ್ರಾಂಶ ಕ್ರಿಟಾದ ಫಿಲ್ ಟೂಲಿನಲ್ಲಿ ಗ್ರೋ (ತುಂಬುವ ಜಾಗ ಹಿಗ್ಗಿಸುವುದು) 2 ಪಿಕ್ಸೆಲ್ ಇಟ್ಟೆ. ಬಣ್ಣ ಗೆರೆಯ ಅಡಿಗೆ ನುಸುಳಿತು, ಅಂಚಿನ ಬಿಳಿ ಎಳೆ ಹೋಯಿತು.

ದೊಡ್ಡಪ್ಪ ಚಾ ಲೋಟ ಹಿಡಿದುಕೊಂಡೇ ಬಂದು ಹಿಂದೆ ನಿಂತರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಇದು ಯಾವ ಬೆಳಕಿನ ವೇಷ ಮಾರಾಯ್ತಿ?"

ನನಗೆ ತಲೆಬುಡ ಅರ್ಥ ಆಗಲಿಲ್ಲ.

"ದೊಂದಿಯದ್ದಾ, ಗ್ಯಾಸ್‌ಲೈಟಿನದ್ದಾ, ಈಗಿನ ಕರೆಂಟಿನದ್ದಾ? ಅದು ಗೊತ್ತಿಲ್ಲದೆ ಬಣ್ಣ ಹೇಗೆ ಹಾಕುದು?"

ಫ್ಲ್ಯಾಟ್ಸ್ ಅಂದರೆ ಬೆಳಕೇ ಇಲ್ಲದ ಬಣ್ಣ, ನೆರಳು ಆಮೇಲೆ ಹಾಕುವುದು ಅಂತ ಹೇಳಿದೆ. ತಲೆ ಆಡಿಸಿದರು, ಆದರೆ ಬಿಡಲಿಲ್ಲ. ಅವರು ಹುಡುಗನಾಗಿ ನೋಡಿದ್ದು ದೊಂದಿ, ಅಂದರೆ ಪಂಜಿನ, ಬೆಳಕಿನ ಆಟ, ತಾವೇ ಗೆಜ್ಜೆ ಕಟ್ಟುವ ಹೊತ್ತಿಗೆ ಗ್ಯಾಸ್‌ಲೈಟ್ ಬಂದಿತ್ತು. "ದೊಂದಿಗೆ ಬಿಳಿ ಬಿಳಿಯಾಗಿ ಕಾಣ್ಲಿಕ್ಕಿಲ್ಲ, ಹಳದಿ ಹೊಡೀತದೆ. ಕೆಂಪು ಉಂಟಲ್ಲ, ಅದು ಉರೀತದೆ. ಅಕ್ಕಿಹಿಟ್ಟು ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಚಿಟ್ಟಿ ಇಡುದು ಯಾಕೆ? ಬದಿಯಿಂದ ಬೆಳಕು ಬಿದ್ರೆ ಒಂದೊಂದು ಮುಳ್ಳಿಗೂ ಒಂದೊಂದು ನೆರಳು. ಈಗ ನಾಲ್ಕೂ ಕಡೆಯಿಂದ ಲೈಟ್ ಬಿಡ್ತಾರೆ. ಮುಖ ಚಪ್ಪಟೆ."

ನಾನು ನೋಡಿದ ಪಾಠಗಳಲ್ಲೆಲ್ಲ ಬೆಳಕು ಅಂದರೆ ಮೂಲೆಯಲ್ಲಿ ಬರೆದುಕೊಳ್ಳುವ ಒಂದು ಬಾಣದ ಗುರುತು. ಯಾವ ದಿಕ್ಕು ಅಷ್ಟೇ. ಯಾವ ಬೆಂಕಿ ಅಂತ ಯಾರೂ ಕೇಳಿರಲಿಲ್ಲ.

ಮಲ್ಟಿಪ್ಲೈ ಮಾಡುವುದು ಸಣ್ಣ ಲೆಕ್ಕ: ಮೇಲಿನ ಸಂಖ್ಯೆಗೆ ಕೆಳಗಿನದನ್ನು ಗುಣಿಸಿ 255ರಿಂದ ಭಾಗಿಸುತ್ತದೆ, ಕೆಂಪು ಹಸಿರು ನೀಲಿ ಮೂರಕ್ಕೂ ಬೇರೆ ಬೇರೆಯಾಗಿ. ಮೇಲೆ ಬೂದು ಇಟ್ಟರೆ ಮೂರೂ ಒಂದೇ ಪಾಲು ಕುಗ್ಗುತ್ತವೆ, ಬಣ್ಣ ಕಪ್ಪಾಗುತ್ತದೆಯೇ ಹೊರತು ಬದಲಾಗುವುದಿಲ್ಲ. ಅದಕ್ಕೇ ಬೂದು ನೆರಳಿನ ಮುಖದಲ್ಲಿ ಜೀವ ಇರುವುದಿಲ್ಲ. ಇಡೀ ಚಿತ್ರದ ಮೇಲೆ ಕಡುನೀಲಿಯ ಒಂದು ಮಲ್ಟಿಪ್ಲೈ ಲೇಯರ್ ಹಾಸಿದೆ, ಅದೇ ಚಿತ್ರದ ರಾತ್ರಿ. ಅದಕ್ಕೊಂದು ಟ್ರಾನ್ಸ್‌ಪರೆನ್ಸಿ ಮಾಸ್ಕ್ (ಅದರಲ್ಲಿ ಕಪ್ಪು ಬಳಿದಲ್ಲಿ ಲೇಯರ್ ಮಾಯವಾಗುತ್ತದೆ) ಕೊಟ್ಟು, ದೊಂದಿ ತಾಗುವ ಎಡಗೆನ್ನೆ, ಮೂಗಿನ ತುದಿ, ಹುಬ್ಬಿನ ಮೇಲೆ ಮೆತ್ತನೆಯ ಬ್ರಷ್‌ನಲ್ಲಿ ಕಪ್ಪು ಎಳೆದೆ. ಕತ್ತಲೆ ಅಷ್ಟಷ್ಟೇ ಕರಗಿ ಒಳಗಿನಿಂದ ಹಳದಿ ಎದ್ದು ಬಂತು. ಚಿಟ್ಟಿಯ ಬಿಳಿಯನ್ನು ಬೆಣ್ಣೆಯ ಬಣ್ಣಕ್ಕೆ ಇಳಿಸಿ, ಒಂದೊಂದು ಚುಕ್ಕೆಯ ಬಲಕ್ಕೂ ಪುಟ್ಟ ನೆರಳು. ಕೈ ನೋಯುತ್ತದೆ, ಆಗಲಿ.

ಮೊನ್ನೆ ದೊಡ್ಡಪ್ಪನ ಬಲಗಣ್ಣಿನ ಪೊರೆ ತೆಗೆದಿದ್ದಾರೆ, ಎಡಗಣ್ಣಿನದ್ದು ಬಾಕಿ. ಹೋಗುವ ಮೊದಲು ಒಂದು ಕಣ್ಣು ಮುಚ್ಚಿ ಸ್ಕ್ರೀನ್ ನೋಡಿದರು, ಮತ್ತೆ ಇನ್ನೊಂದು ಮುಚ್ಚಿ. "ಈ ಕಣ್ಣಿಗೆ ನೀಲಿ ಉಂಟು. ಇದರಲ್ಲಿ ಎಲ್ಲ ಹಳದಿ, ದೊಂದಿಯ ಹಾಗೇ." ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಎಷ್ಟು ವರ್ಷದಿಂದ ಹಾಗೆ ಕಾಣುತ್ತಿತ್ತೋ, ನಮ್ಮಲ್ಲಿ ಯಾರಾದರೂ ಕೇಳಿದ್ದೆವಾ?

ಮಧ್ಯಾಹ್ನದಿಂದ ಕರೆಂಟ್ ಹೋಗಿ ಬಂದು ಮಾಡುತ್ತಿದೆ. ನಾಳೆಯ ಆಫೀಸ್ ಕೆಲಸ ಹಾಗೇ ಇದೆ.

ಕಿರೀಟದ ಬೇಗಡೆ, ಆ ಹೊಳೆಯುವ ಹಾಳೆ, ಉಳಿದಿದೆ. ಅದಕ್ಕೆ ಕೆಳಗಿನ ಬಣ್ಣವನ್ನು ಬೆಳಗಿಸುವ ಕಲರ್ ಡಾಡ್ಜ್ ಲೇಯರ್ ಬೇಕಾದೀತು, ಚಿಕ್ಕ ಚಿಕ್ಕ ಮಿಂಚು. ಆದರೆ ರಕ್ಕಸನ ಪ್ರವೇಶಕ್ಕೆ ದೊಂದಿಗೆ ರಾಳದ ಪುಡಿ ಎಸೆಯುತ್ತಿದ್ದರಂತೆ, ಭಗ್ ಅಂತ ಉರಿ ಏಳುತ್ತಿತ್ತಂತೆ. ಆ ಉರಿಯಲ್ಲಿ ಬರೆಯುವುದಾದರೆ ನೀಲಿ ಲೇಯರನ್ನು ಇನ್ನೂ ಎಷ್ಟು ತೆಳು ಮಾಡಬೇಕು, ಆಗ ಚಿಟ್ಟಿಯ ನೆರಳು ಉಳಿಯುತ್ತದಾ, ಅಥವಾ ಉರಿ ಇಳಿದ ಮರುಕ್ಷಣವನ್ನೇ ಹಿಡಿಯುವುದು ಒಳ್ಳೆಯದಾ, ಆಗ ಕೆಂಪು ಮಾತ್ರ