ಬಿಟ್ಟು ಬರುವಾಗ ಅಳು ಬರಲಿಲ್ವಾ?

ಟಾಂಜಾನಿಯಾದಿಂದ ವಾಪಸ್ ಬಂದ ಮೇಲೆ ಸಿಕ್ಕವರೆಲ್ಲ ಮೊದಲು ಕೇಳುವುದು ಸಿಂಹದ ವಿಷಯ. ಅದು ಬಿಡಿ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಒಂದು ವರ್ಷ ಇದ್ದು, ಆ ಮಕ್ಕಳನ್ನ ಬಿಟ್ಟು ಬರೋವಾಗ ಅಳು ಬರಲಿಲ್ವಾ?" ಅಂತಾರೆ. ಮದುವೆ ಮನೆಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳಿದ್ದಾರೆ. "ಬಂತು, ಬರದೇ ಇರುತ್ತಾ" ಅಂದು ಮಾತು ಮುಗಿಸಿಬಿಡುತ್ತೇನೆ. ಕ್ಯೂನಲ್ಲಿ ನಿಂತು ಅದಕ್ಕಿಂತ ಜಾಸ್ತಿ ಹೇಳೋಕೆ ಆಗಲ್ಲ. ಇಲ್ಲಿ ಹೇಳುತ್ತೇನೆ.

ಬಸ್ಸು ಹತ್ತುವಾಗ ಅಳು ಬರಲಿಲ್ಲ. ಕಣ್ಣು ಉರಿಯುತ್ತಿತ್ತು, ಅದು ನಿದ್ದೆಗೆಟ್ಟು. ಟಿಕೆಟ್ಟಿನ ಹುಡುಗ ಹೇಳಿದ್ದು ಹನ್ನೆರಡು ಗಂಟೆ. ಅಲ್ಲಿನ ಲೆಕ್ಕದಲ್ಲಿ ಹನ್ನೆರಡು ಅಂದರೆ ಬೆಳಗಿನ ಆರು. ಅಲ್ಲಿನವರ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸೋಕೆ ಶುರು ಮಾಡೋದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಹಿಂದಿನ ರಾತ್ರಿ ಫೋನಿನಲ್ಲಿ ಬಾಯಿತಪ್ಪಿ ಹನ್ನೆರಡು ಅಂದಿದ್ದಕ್ಕೆ ಅಮ್ಮ, "ಹಾಗಾದ್ರೆ ಊಟ ಮಾಡ್ಕೊಂಡೇ ಹೊರಡು" ಅಂದಿದ್ದರು.

ನಾನಿದ್ದದ್ದು ಇರಿಂಗಾ ಕಡೆ. ದಾರ್ ಎಸ್ ಸಲಾಮ್‌ನಿಂದ ಸುಮಾರು 500 ಕಿಲೋಮೀಟರು. ದಾರಿ ಮಿಕುಮಿ ಕಾಡಿನ ಮಧ್ಯದಲ್ಲೇ ಹೋಗುತ್ತೆ, ಬಸ್ಸಿನ ಕಿಟಕಿಯಿಂದಲೇ ಆನೆ, ಜಿರಾಫೆ ಕಾಣುತ್ತವೆ. ಎತ್ತರದ ಊರು, ಜೂನ್ ಜುಲೈನಲ್ಲಿ ಸ್ವೆಟರ್ ಬೇಕು. ಆಫ್ರಿಕಾ ಅಂದರೆ ಬರೀ ಬಿಸಿಲು ಅಂದುಕೊಂಡು ಹೋದವಳು ಮೊದಲ ಚಳಿಗಾಲದಲ್ಲಿ ಹಳೇ ಬಟ್ಟೆ ಮಾರುವ ಸಂತೆಗೆ ಓಡಿದೆ. ಒಂದು ಸರ್ಕಾರೇತರ ಸಂಸ್ಥೆ ಮೂಲಕ ಸ್ವಯಂಸೇವಕಿಯಾಗಿ ಹೋಗಿ, ಹಳ್ಳಿಯ ಒಂದು ಸೆಕೆಂಡರಿ ಶಾಲೆಯಲ್ಲಿ ಫಾರ್ಮ್ ಒನ್ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ.

ಫಾರ್ಮ್ ಒನ್ ಅಂದರೆ ನಮ್ಮ ಎಂಟನೇ ಕ್ಲಾಸ್ ಇದ್ದ ಹಾಗೆ. ಅಲ್ಲಿ ಸರ್ಕಾರಿ ಶಾಲೆಯಲ್ಲಿ ಪ್ರೈಮರಿ ಏಳು ವರ್ಷ ಪೂರ್ತಿ ಸ್ವಾಹಿಲಿಯಲ್ಲಿ, ಆಮೇಲೆ ಸೆಕೆಂಡರಿಗೆ ಕಾಲಿಟ್ಟ ದಿನದಿಂದ ಎಲ್ಲಾ ಇಂಗ್ಲಿಷು. ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದ ಯಾರಿಗಾದರೂ ಆ ಮಕ್ಕಳ ಮುಖ ಹೇಗಿರುತ್ತೆ ಅಂತ ಬೇರೆ ಹೇಳಬೇಕಿಲ್ಲ. ನನಗೆ ಮೊದಲ ವಾರವೇ ಅರ್ಥವಾಯಿತು. ಬೋರ್ಡಿನ ಮೇಲೆ ಟ್ರಯಾಂಗಲ್ ಅಂತ ಬರೆದರೆ ಕ್ಲಾಸು ಸುಮ್ನೆ ಕೂತಿರುತ್ತಿತ್ತು. ಪೆಂಬೆಟಾಟು ಅಂದ ತಕ್ಷಣ ಇಡೀ ಕ್ಲಾಸಿಗೆ ಜೀವ ಬಂತು. ಪೆಂಬೆ ಅಂದರೆ ಮೂಲೆ, ಟಾಟು ಅಂದರೆ ಮೂರು. ನಮ್ಮ ತ್ರಿಕೋನವೇ ಅಲ್ವಾ! ಆವತ್ತಿಂದ ನಾನು ರಾತ್ರಿ ಕೂತು ಪ್ರೈಮರಿ ಗಣಿತದ ಸ್ವಾಹಿಲಿ ಪದಗಳನ್ನು ಬಾಯಿಪಾಠ ಮಾಡಿದೆ. ಸುಮಾರು ಪದ ಆಗಲೇ ಗೊತ್ತಿದ್ದವು: ಲೆಕ್ಕಕ್ಕೆ ಹೆಸಾಬು, ಪೆನ್ನಿಗೆ ಕಲಾಮು, ಸೋಪಿಗೆ ಸಾಬುನಿ, ಬಣ್ಣಕ್ಕೆ ರಾಂಗಿ, ನೋಟ್‌ಬುಕ್ಕಿಗೆ ದಫ್ತಾರಿ. ಅರಬ್ಬಿ, ಪಾರ್ಸಿ ಮಾತು ಹಡಗು ಹತ್ತಿ ಆ ಕಡೆಗೂ ಹೋಗಿದೆ, ಈ ಕಡೆಗೂ ಬಂದಿದೆ. ಎಡವಿದ್ದು ಸಂಬಂಧ ಹೇಳುವ ಪದಗಳಲ್ಲಿ. ಮಾಮಾ ಅಂದರೆ ಅಮ್ಮ, ದಾದಾ ಅಂದರೆ ಅಕ್ಕ. ಪಕ್ಕದ ಮನೆಯ ಚಿಕ್ಕ ಮಕ್ಕಳು ನನ್ನನ್ನು "ದಾದಾ" ಅಂತ ಕರೆದಾಗೆಲ್ಲ ಯಾವುದೋ ರೌಡಿ ಸಿನಿಮಾದೊಳಗೆ ನಿಂತ ಹಾಗಿರುತ್ತಿತ್ತು.

ನಾನು ಬಾಡಿಗೆಗಿದ್ದ ಮನೆಯ ಮಾಮಾ ಬೆಳಿಗ್ಗೆ ಉಜಿ ಕಾಯಿಸುತ್ತಿದ್ದರು. ಮೊದಲ ದಿನ ಲೋಟ ಮೂಗಿನ ಹತ್ತಿರ ತಂದ ಕೂಡಲೇ ಗೊತ್ತಾಯಿತು, ರಾಗಿ ಗಂಜಿ! ಅವರು ಉಲೇಜಿ ಅನ್ನುತ್ತಾರೆ, ಅಷ್ಟೇ. ರಾಗಿಯ ತವರು ಆ ಪೂರ್ವ ಆಫ್ರಿಕಾದ ಗುಡ್ಡಗಳೇ ಅಂತ ಎಲ್ಲೋ ಓದಿದ್ದೆ, ಲೋಟ ಹಿಡಿದಾಗ ನೆನಪಾಯಿತು. ಉಗಾಲಿ ಮಾತ್ರ ಜೋಳದ ಹಿಟ್ಟಿನದು, ನಾವು ಮುಸುಕಿನ ಜೋಳ ಅಂತೀವಲ್ಲ ಅದು. ನೋಡೋಕೆ ಬಿಳೀ ಮುದ್ದೆ. ಚೂರು ಮುರಿದು, ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿಂದ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲಿ ಹುರುಳಿಕಾಯಿ ಬೀಜದ ಸಾರು ಎತ್ತಿಕೊಳ್ಳಬೇಕು. ನಾನು ಅಭ್ಯಾಸಬಲದಿಂದ ನುಂಗಿಬಿಟ್ಟೆ. ಮಾಮಾ ಗಾಬರಿಯಾಗಿ "ಪೋಲೆ, ಪೋಲೆ" ಅನ್ನುತ್ತಾ ನೀರು ತಂದರು.

ಈ ಪೋಲೆ ಅನ್ನುವ ಮಾತಿಗೆ ಕನ್ನಡದಲ್ಲಿ ನನಗೆ ಇವತ್ತಿಗೂ ಪದ ಸಿಕ್ಕಿಲ್ಲ. ನೀವು ಎಡವಿದರೂ ಪೋಲೆ, ಜ್ವರ ಬಂದರೂ ಪೋಲೆ, ದೂರದಿಂದ ಪ್ರಯಾಣ ಮಾಡಿ ಬಂದರೂ ಪೋಲೆ, ದಿನವಿಡೀ ಕೆಲಸ ಮಾಡಿ ಮನೆಗೆ ಬಂದರೂ ಪೋಲೆ. ತಪ್ಪಾಯ್ತು ಅಂತ ಅಲ್ಲ. ನಿನಗೆ ಕಷ್ಟ ಆಯ್ತಲ್ಲ, ನನಗೆ ಕಾಣಿಸ್ತು, ಅಷ್ಟೇ.

ಈಗ ಅಳುವಿನ ವಿಷಯ. ಅದು ಬಂದದ್ದು ಹೊರಡೋ ದಿನ ಅಲ್ಲ, ನವೆಂಬರ್ ಕೊನೆಯ ವಾರದ ಒಂದು ಸೋಮವಾರ.

ಮಕ್ಕಳಿಗೆ ಹೊರಡುವ ದಿನ ಹೇಳಿದೆ. ಹೇಳಿ, ನಮ್ಮಜ್ಜಿ ಕಲಿಸಿದ ಹಾಗೆ "ಹೋಗಿ ಬರ್ತೀನಿ" ಅನ್ನುವುದನ್ನೇ ಸ್ವಾಹಿಲಿಗೆ ತಿರುಗಿಸಿ "ನಿಟಾರುದಿ" ಅಂದೆ. ವಾಪಸ್ ಬರುತ್ತೇನೆ ಅಂತ. ನಮ್ಮಲ್ಲಿ ಹೊಸಿಲು ದಾಟುವಾಗ ಬರೀ "ಹೋಗ್ತೀನಿ" ಅಂದರೆ ಬೈಸಿಕೊಳ್ಳಬೇಕು. ಕರೆಂಟ್ ಬಿಲ್ ಕೊಡೋಕೆ ಬಂದವನೂ "ಬರ್ತೀನಿ ಅಕ್ಕ" ಅಂತಲೇ ಹೋಗುತ್ತಾನೆ, ಯಾವಾಗಪ್ಪಾ ಅಂತ ಯಾರೂ ಕೇಳಲ್ಲ. ಇಲ್ಲಿ ಎರಡನೇ ಬೆಂಚಿನ ಹುಡುಗಿ ಕೇಳಿದಳು. "ಲೀನಿ?" ಯಾವಾಗ? ನಾನು ಯೋಚನೆಯನ್ನೇ ಮಾಡದೆ "ಮ್ವಾಕಾನಿ" ಅಂದುಬಿಟ್ಟೆ. ಮುಂದಿನ ವರ್ಷ. ಮುಂದಿನ ವರ್ಷ ಅಂದರೆ ಅವರಿಗೆ ಫಾರ್ಮ್ ಟೂ, ದೇಶಕ್ಕೆಲ್ಲ ಒಂದೇ ಪರೀಕ್ಷೆ ಇರುವ ವರ್ಷ. ಅವಳು ದಫ್ತಾರಿಯ ಕೊನೆಯ ಹಾಳೆ ತೆಗೆದಳು. ಮ್ವಾಲಿಮು, ಅಂದರೆ ಮೇಷ್ಟ್ರು, ಮುಂದೆ ಒಂದು ಗೆರೆ, ಆಮೇಲೆ ಮ್ವಾಕಾನಿ. ಮೂಲೆ ಮುರಿದ ಸ್ಕೇಲು ಇಟ್ಟು ಅದರ ಕೆಳಗೆ ಇನ್ನೊಂದು ಗೆರೆ ಎಳೆದಳು. ನೋಡುತ್ತಾ ನಿಂತಿದ್ದೆ, ತಡೆಯಲಿಲ್ಲ.

ಸಂಜೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಗಣಿತದ ಹಿರಿಯ ಮೇಷ್ಟ್ರಿಗೆ ಇದನ್ನು ಹೆಮ್ಮೆಯಿಂದಲೇ ಹೇಳಿದೆ ಅನ್ನಿಸುತ್ತೆ. ಅವರು ಚಹಾದಲ್ಲಿ ಮಂದಾಜಿ, ನಮ್ಮ ಬನ್ಸ್ ಥರದ ಕರಿದ ತಿಂಡಿ, ಅದ್ದುತ್ತಾ, ಮುಖ ಎತ್ತದೆ, "ಹೊರಗಿಂದ ಬಂದವರೆಲ್ಲ ಮ್ವಾಕಾನಿ ಅಂತಾರೆ. ಜನವರಿಯಲ್ಲಿ ಮಕ್ಕಳು ಬಂದು ಕೇಳೋದು ನನ್ನನ್ನ" ಅಂದರು. ಸಿಟ್ಟಿರಲಿಲ್ಲ. ಮಂದಾಜಿಯ ಇನ್ನೊಂದು ಅರ್ಧ ನನಗೆ ಕೊಟ್ಟರು.

ಆ ರಾತ್ರಿ ಅತ್ತೆ. ಅಗಲುವ ದುಃಖಕ್ಕಲ್ಲ, ನಾಚಿಕೆಗೆ. ಮುಂದಿನ ವರ್ಷ ಬರೋಕೆ ನನಗೆ ರಜೆಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಅದು ಸೋಮವಾರವೂ ಗೊತ್ತಿತ್ತು. ಆ ನಿಮಿಷದಲ್ಲಿ ನಾನು ಒಳ್ಳೆಯವಳಾಗಿ ಕಾಣಬೇಕಿತ್ತು, ಅಷ್ಟಕ್ಕೆ ಮಗುವಿನ ಹತ್ತಿರ ಸುಳ್ಳು ಬರೆಸಿದೆ.

ಅಲ್ಲಿ ಒಂದು ಗಾದೆ ಇದೆ: ನೆಂಟ ಎರಡು ದಿನ, ಮೂರನೇ ದಿನ ಕೈಗೆ ಗುದ್ದಲಿ ಕೊಡು. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ತಮ್ಮ 1962ರ ಬರಹದಲ್ಲಿ ಇದನ್ನೇ ಎತ್ತಿ ಆಡಿದ್ದಾರೆ. ಅವರೂ ಮೇಷ್ಟ್ರೇ, ಇವತ್ತಿಗೂ ಜನ ಅವರನ್ನು ಮ್ವಾಲಿಮು ಅಂತಲೇ ಕರೆಯುತ್ತಾರೆ. ನನ್ನ ಕೈಗೂ ಗುದ್ದಲಿ ಕೊಟ್ಟಿದ್ದರು, ವರ್ಷಪೂರ್ತಿ. ಹೊರಡುವ ವಾರ ನಾನು ಮತ್ತೆ ನೆಂಟಳಾಗಿಬಿಟ್ಟಿದ್ದೆ.

ಮಂಗಳವಾರ ಕ್ಲಾಸಿಗೆ ಹೋಗಿ, ಸಮೀಕರಣ ಬಿಡಿಸುವ ಮೊದಲೇ ಹೇಳಿದೆ. ಮುಂದಿನ ವರ್ಷ ಬರಲ್ಲ. ಮುಂದೆ ಬರ್ತೀನೋ ಇಲ್ವೋ ಗೊತ್ತಿಲ್ಲ. ನಮ್ಮ ಊರಲ್ಲಿ ಹೊರಡುವವರೆಲ್ಲ ಬರ್ತೀನಿ ಅಂತಲೇ ಹೇಳೋದು, ಅದು ಅಭ್ಯಾಸ, ಅದಕ್ಕೇ ಬಾಯಿಗೆ ಬಂತು. ನನ್ನ ಮುರುಕು ಸ್ವಾಹಿಲಿಯಲ್ಲಿ ಇಷ್ಟು ಹೇಳೋಕೆ ಹತ್ತು ನಿಮಿಷ ಆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಹಾಗಾದರೆ ವಾಪಸ್ ಬರದವರು ಏನು ಹೇಳಿ ಹೋಗ್ತಾರೆ ಅಂತ ಕೇಳಿದ. ಅವರೂ ಬರ್ತೀನಿ ಅಂತಲೇ ಹೇಳ್ತಾರೆ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಎರಡನೇ ಬೆಂಚಿನವಳು ನಗಲಿಲ್ಲ. "ಹಾಯಾ" ಅಂದಳು, ಅಂದರೆ ಸರಿ ಆಯ್ತು ಅಂತ. ಕೊನೆಯ ಹಾಳೆ ತೆಗೆದು, ಅದೇ ಸ್ಕೇಲು ಇಟ್ಟು ಮ್ವಾಕಾನಿ ಮೇಲೆ ಗೆರೆ ಹೊಡೆದಳು. ಆಮೇಲೆ ನಿಮ್ಮ ಭಾಷೆಯ ಮಾತು ಬೋರ್ಡಿನ ಮೇಲೆ ಬರೀರಿ ಅಂದಳು. ಬರ್ತೀನಿ ಅಂತ ಅವರ ಅಕ್ಷರದಲ್ಲಿ ಬರೆದೆ. ಆವತ್ತು ಸಮೀಕರಣ ಆಗಲಿಲ್ಲ.

ಇದರಿಂದಾಗಿಯೇ, ನಾನೂ ಹೋಗಬೇಕು ಅಂತ ಸಲಹೆ ಕೇಳುವವರಿಗೆ ಒಂದೇ ಮಾತು ಹೇಳುತ್ತೇನೆ. ಹೊರಡುವ ತಾರೀಖು ಹೋದ ದಿನವೇ ಹೇಳಿಬಿಡಿ, ಕೊನೆಯ ತಿಂಗಳು ನಿಮ್ಮ ನೋಟ್ಸು ಅಲ್ಲಿನ ಮೇಷ್ಟ್ರ ಕೈಗೆ ಹೋಗಲಿ, ಕ್ಲಾಸೂ ಅವರದೇ ಆಗಲಿ. ಎರಡು ವಾರಕ್ಕೆ ಬಂದು, ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿ, ಕೊನೆಗೆ ತಬ್ಬಿಕೊಂಡು ಅತ್ತು ಹೋಗುವವರನ್ನೂ ನೋಡಿದ್ದೇನೆ. ಅಳೋದು ಅವರಿಗೆ ಹಗುರ. ಮಕ್ಕಳಿಗೆ ಮುಂದಿನ ಎರಡು ವಾರಕ್ಕೆ ಇನ್ನೊಬ್ಬರು.

ಬೀಳ್ಕೊಡುಗೆ ಚೆನ್ನಾಗೇ ಆಯಿತು. ಪಿಲಾವ್, ಸೋಡಾ, ಭಾಷಣ. ಮಕ್ಕಳು ರಿಸಾಲಾ ಓದಿದರು, ನಮ್ಮ ಬಿನ್ನವತ್ತಳೆ ಥರ. ಇಲ್ಲಿ ಶಾಲು ಹೊದಿಸುವ ಹಾಗೆ ಅಲ್ಲಿ ಹೆಗಲಿಗೆ ಕಿಟೆಂಗೆ ಬಟ್ಟೆ ಸುತ್ತುತ್ತಾರೆ, ಸುತ್ತಿ ಡ್ಯಾನ್ಸೂ ಮಾಡಿಸುತ್ತಾರೆ. ಮಾಮಾ ಒಂದು ಕಾಂಗಾ ತಂದಿದ್ದರು. ಅದು ಜೋಡಿಯಾಗಿ ಬರುವ ಬಟ್ಟೆ, ಅಂಚಿನ ಹತ್ತಿರ ಒಂದು ಮಾತು ಅಚ್ಚಾಗಿರುತ್ತೆ. ಇದರದ್ದು "ವೇಮಾ ಹಾವೋಜಿ", ಒಳ್ಳೇತನ ಕೊಳೆಯಲ್ಲ. ನನ್ನೆದುರೇ ಕತ್ತರಿಸಿ ಅರ್ಧ ನನಗೆ ಕೊಟ್ಟು ಅರ್ಧ ತಾವಿಟ್ಟುಕೊಂಡರು. ಬೆಂಗಳೂರಿಗೆ ಬಂದು ಬಿಚ್ಚಿ ನೋಡಿದರೆ ಮೂಲೆಯಲ್ಲಿ ಮೇಡ್ ಇನ್ ಇಂಡಿಯಾ ಅಂತಿತ್ತು, ಅದು ಬೇರೆ ಕಥೆ.

ಕಾರ್ಯಕ್ರಮ ಮುಗಿದ ಮೇಲೆ ನಡೆದು ಹೊರಟೆ. ಹೊರಟವರ ಜೊತೆ ಸ್ವಲ್ಪ ದೂರ ನಡೆದು ಕಳಿಸಿ ಬರೋದು ಅಲ್ಲಿನ ಪದ್ಧತಿ, ಅದಕ್ಕೆಂದೇ ಕುಸಿಂದಿಕಿಜಾ ಅನ್ನುವ ಪದವಿದೆ. ನನಗೆ ಗೊತ್ತಿಲ್ಲದ್ದು ಒಂದೇ: ಸಾಕು, ಇನ್ನು ತಿರುಗಿ ಹೋಗಿ ಅಂತ ಹೊರಟವರೇ ಹೇಳಬೇಕು. ನಾನು ಹೇಳಲಿಲ್ಲ, ಅವರು ನಿಲ್ಲಲಿಲ್ಲ. ಗೇಟು ದಾಟಿತು, ಸೂರ್ಯಕಾಂತಿ ಹೊಲ ದಾಟಿತು, ಮೂವತ್ತು ನಲವತ್ತು ಮಕ್ಕಳು ಮಣ್ಣಿನ ರಸ್ತೆಯಲ್ಲಿ ನನ್ನ ಚೀಲ ಕೈಯಿಂದ ಕೈಗೆ ದಾಟಿಸುತ್ತಾ ಡಾಲಾಡಾಲಾ, ಅಂದರೆ ಅಲ್ಲಿನ ಬಾಡಿಗೆ ವ್ಯಾನು, ನಿಲ್ಲುವ ಜಾಗದ ತನಕ ಬಂದುಬಿಟ್ಟರು. ವ್ಯಾನು ಹತ್ತಿ ಕಿಟಕಿ ಹತ್ತಿರ ಕೂತೆ. ಹೊರಗೆ ಎರಡನೇ ಬೆಂಚಿನವಳು ಏನೋ ಸನ್ನೆ ಮಾಡಿದಳು, ಎಲ್ಲರೂ ಒಟ್ಟಿಗೆ ಕೂಗಿದರು: "ಬರ್ತೀನಿ!"

ಅಯ್ಯೋ, ಅದು ಹೊರಡುವವರು ಹೇಳುವ ಮಾತು, ಉಳಿಯುವವರು "ಹೋಗಿ ಬನ್ನಿ" ಅನ್ನಬೇಕು ಅಂತ ಕಿಟಕಿಯಿಂದ ತಲೆ ಹಾಕಿ ಹೇಳೋಷ್ಟರಲ್ಲಿ ಕಂಡಕ್ಟರ್ ವ್ಯಾನಿನ ಮೈ ತಟ್ಟಿಬಿಟ್ಟ.