ಗೊರೂರು ಹಿನ್ನೀರಿನಿಂದ ಅಳಿವೆಯಾಚೆಗೆ: 14 ಅಡಿ ದೋಣಿಯ ಕೆಲಸ ಎಲ್ಲಿಗೆ ಬಂತು

ಹಾಸನದ ಶೆಡ್ಡಿನಲ್ಲಿದ್ದ ದೋಣಿ ಕಡಲಿಗೆ ಹೊರಡುವ ಹಂತಕ್ಕೆ ಬಂದಿದೆ. 6 ಮಿ.ಮೀ. ಮರೈನ್ ಪ್ಲೈವುಡ್, ಮೇಲೆ ಎಪಾಕ್ಸಿ ಮತ್ತು ಗ್ಲಾಸ್ ಬಟ್ಟೆ, 6 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಒಡಲಿನ ಕೆಲಸ ಹಳೆಯದಾಯಿತು. ಈ ಸಲದ್ದೆಲ್ಲ ಗೊರೂರಿನ ಹಿನ್ನೀರಿನಲ್ಲಿ ಚೆನ್ನಾಗಿ ನಡೆದು ಕಡಲಲ್ಲಿ ಕೈಕೊಡುವಂಥ ವಿಷಯಗಳು.

ಮೊದಲು ಎಂಜಿನ್ ಕೂರುವ ಹಿಂಹಲಗೆ. ಅದು 15 ಇಂಚು ಎತ್ತರವಿತ್ತು. ಹಿಂದಿನಿಂದ ಬರುವ ತೆರೆ ನೇರ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಎರಡು ಪದರ 18 ಮಿ.ಮೀ. ಪ್ಲೈ ಅಂಟಿಸಿ 20 ಇಂಚಿಗೆ ಏರಿಸಿದ್ದಾಗಿದೆ. ಹಲಗೆ ಏರಿಸಿದವರು ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್ನನ್ನೇ ಉಳಿಸಿಕೊಂಡರೆ ನೀರು ತಳ್ಳುವ ಫ್ಯಾನ್ ಐದು ಇಂಚು ಮೇಲೆ ಬಂದು ಗಾಳಿ ಎಳೆಯುತ್ತದೆ: ಸದ್ದು ಜೋರು, ತಳ್ಳುವುದು ಸೊನ್ನೆ. ಹಾಗಾಗಿ ಲಾಂಗ್ ಶಾಫ್ಟ್ ಬೇಕೇ ಬೇಕು. ಫ್ಯಾನಿನ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕಿಂತ ಸುಮಾರು ಒಂದು ಇಂಚು ಕೆಳಗಿದೆಯೇ ಎಂದು ಪಟ್ಟಿ ಹಿಡಿದು ನೋಡಿ.

ತಾನು ಸವೆದು ಎಂಜಿನ್ನಿನ ಲೋಹ ಉಳಿಸಲೆಂದು ಅದರ ಕಾಲಿಗೆ ಕಚ್ಚಿಸುವ ಆನೋಡ್ ತುಂಡು ಸಣ್ಣದು, ಆದರೆ ಸಿಹಿನೀರು ಉಪ್ಪುನೀರು ಎರಡರಲ್ಲೂ ಓಡಾಡುವ ದೋಣಿಗೆ ಇದೇ ತಲೆನೋವು. ಸತುವಿನದು ಸಿಹಿನೀರಿನಲ್ಲಿ ಮೇಲ್ಪದರ ಕಟ್ಟಿ ಸುಮ್ಮನಾಗಿಬಿಡುತ್ತದೆ, ಮೆಗ್ನೀಸಿಯಂನದು ಉಪ್ಪುನೀರಿನಲ್ಲಿ ಬೇಗ ಸವೆದುಹೋಗುತ್ತದೆ. ಎರಡಕ್ಕೂ ಒಗ್ಗುವುದು ಅಲ್ಯೂಮಿನಿಯಂನದು. ಅದಕ್ಕೆ ಪೇಂಟ್ ಮಾತ್ರ ಬಳಿಯಬೇಡಿ, ಬಳಿದರೆ ಅದು ಇದ್ದೂ ಇಲ್ಲದಂತೆ. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನವೇ ಆಗಬೇಕು. ಆಯಸ್ಕಾಂತ ಹಿಡಿದು ನೋಡಿದರೆ ಉಪ್ಪುನೀರಿಗೆ ಅಷ್ಟು ತಾಳದ 304ಕ್ಕೂ 316ಕ್ಕೂ ವ್ಯತ್ಯಾಸ ಸಿಗುವುದಿಲ್ಲ.

ತೇಲುವ ಪರೀಕ್ಷೆ ಗೊರೂರಿನಲ್ಲೇ ಮುಗಿಸಬೇಕು (ನೀರಿಗಿಳಿಸಲು ಅನುಮತಿ ಮೊದಲು). ಎದೆಮಟ್ಟದ ನೀರಿನಲ್ಲಿ ದೋಣಿ ತುಂಬ ನೀರು ತುಂಬಿಸಿ, ಎಂಜಿನ್ ಬದಲು ಅಷ್ಟೇ ತೂಕದ ಕಬ್ಬಿಣ ಕಟ್ಟಿ ನೋಡುವುದು. ದೋಣಿ ಮುಳುಗದಂತೆ ಒಳಗೆ ತುಂಬುವ ಫೋಮ್ ಲೀಟರಿಗೆ ಹತ್ತಿರ ಹತ್ತಿರ ಒಂದು ಕೆಜಿ ಎತ್ತುತ್ತದೆ. ಲೆಕ್ಕ ಸರಿಯಿದ್ದೂ ಫೋಮ್ ಎಲ್ಲ ಮುಂತುದಿಯಲ್ಲೇ ಇದ್ದರೆ ದೋಣಿ ಮೂತಿ ಮೇಲೆತ್ತಿ ನೆಟ್ಟಗೆ ನಿಲ್ಲುತ್ತದೆ. ಹೆಚ್ಚಿನ ಪಾಲು ಹಿಂಬದಿಯ ಎರಡು ಪಕ್ಕಕ್ಕೆ ಹೋಗಬೇಕು. ಥರ್ಮಾಕೋಲ್ ಅಗ್ಗ ನಿಜ, ಪೆಟ್ರೋಲ್ ತಾಗಿದರೆ ಕರಗುತ್ತದೆ.

ಶಿರಾಡಿ ಇಳಿದ ಟ್ರೇಲರನ್ನು ಬಂದ ಬಿಸಿಯಲ್ಲೇ ನೀರಿಗೆ ಇಳಿಸಬಾರದು. ಚಕ್ರದ ನಡುವಿನ ಕಾದ ಹಬ್ ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ಉಪ್ಪುನೀರನ್ನು ಒಳಗೆಳೆಯುತ್ತದೆ. ಮುಂದಿನ ಪ್ರಯಾಣದಲ್ಲಿ ಬೇರಿಂಗ್ ಹೋಯಿತೆಂದೇ ಲೆಕ್ಕ. ಹಬ್ ಮುಟ್ಟಿದರೆ ಕೈಗೆ ಬಿಸಿ ತಾಗದಷ್ಟು ಆರಲಿ.

ಈಗ ಅಳಿವೆ. ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಕೋಡಿಬೇಂಗ್ರೆಯಿಂದ ಹೊರಬಿದ್ದು ಅಲ್ಲಿಗೇ ಮರಳುವ ಯೋಜನೆ. ಹೊರಗೆ ಹೋಗುವುದು ಕಷ್ಟವಲ್ಲ, ಕಷ್ಟ ಮರಳುವಾಗ. ಇಳಿತದ ಹೊತ್ತಿಗೆ ನದಿ ನೀರು ಹೊರಗೆ ರಭಸದಿಂದ ಹರಿಯುತ್ತಿರುತ್ತದೆ, ಎದುರಿನಿಂದ ಕಡಲ ತೆರೆ ಬರುತ್ತಿರುತ್ತದೆ. ಎರಡೂ ಡಿಕ್ಕಿಯಾಗಿ, ಹೊರಗಡೆ ಅರ್ಧ ಮೀಟರ್ ಇದ್ದ ತೆರೆ ಮರಳುದಿಬ್ಬದ ಮೇಲೆ ಕಡಿದಾಗಿ ಎದ್ದು ಒಡೆಯುತ್ತದೆ. ಒಳಗಿನಿಂದ ನೋಡಿದರೆ ಬಿಳಿ ನೊರೆ ಕಾಣುತ್ತದೆ. ಕಡಲ ಕಡೆಯಿಂದ ಬರುವವರಿಗೆ ತೆರೆಗಳ ನುಣುಪು ಬೆನ್ನಷ್ಟೇ ಕಾಣುವುದು, ಎಲ್ಲ ಶಾಂತವಾಗಿದೆ ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಹೊರಗೆ ಹತ್ತು ನಿಮಿಷ ನಿಂತು, ತುದಿಯಲ್ಲಿ ಹನಿ ಹಾರುತ್ತಿದೆಯೇ, ದೊಡ್ಡ ತೆರೆಗಳು ಎಷ್ಟು ಹೊತ್ತಿಗೊಮ್ಮೆ ಗುಂಪಾಗಿ ಬರುತ್ತಿವೆ ಎಂದು ನೋಡಿಕೊಳ್ಳಬೇಕು. ಒಳಬರುವಾಗ ಒಂದು ತೆರೆಯ ಬೆನ್ನ ಮೇಲೇ ಉಳಿಯುವುದು, ಅದರ ನೆತ್ತಿ ದಾಟಿ ಮುಂದೋಡದಿರುವುದು. ದಾಟಿದರೆ ಮುಂತುದಿ ನೀರಿಗೆ ಚುಚ್ಚಿ, ಹಿಂತುದಿ ಪಕ್ಕಕ್ಕೆ ತಿರುಗಿ ಮಗುಚುತ್ತದೆ. ಹೆದರಿ ಥ್ರಾಟಲ್ ಪೂರ್ತಿ ಬಿಟ್ಟರೂ ಹಿಂದಿನ ತೆರೆ ಮೈಮೇಲೆ ಬರುತ್ತದೆ.

ಆದ್ದರಿಂದ ದಿನವನ್ನು ಹಿಂದಿನಿಂದ ಕಟ್ಟಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ನೆಲದ ಕಡೆಯಿಂದ ತೆಳುಗಾಳಿ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಎದ್ದು ನೀರು ಕೆದಕುತ್ತದೆ. ಅದಕ್ಕೆ ಮೊದಲು, ಭರತ ಇನ್ನೂ ಏರುತ್ತಿರುವಾಗ ಒಳಗಿರಬೇಕು. ಪೂರ್ಣ ಭರತ 11ರ ಆಸುಪಾಸು ಬೀಳುವ ದಿನವಾದರೆ 10:30ಕ್ಕೆ ಅಳಿವೆ ದಾಟಬಹುದು, ಬೆಳಿಗ್ಗೆ 6:30ಕ್ಕೆ ಹೊರಟರೆ ಇಳಿತವೂ ಮುಗಿದಿರುತ್ತದೆ. ಆಗ ನೀರು ಕಡಿಮೆ, ಬೋಟುಗಳು ಓಡಾಡುವ ಚಾನೆಲ್ ಬಿಡಬಾರದು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಎರಡು ವಾರಕ್ಕೆ ಮೂರೋ ನಾಲ್ಕೋ ದಿನ ಮಾತ್ರ ಹೊಂದುತ್ತವೆ. ರಜೆ ಭಾನುವಾರವೇ ಸಿಗುವವರಿಗೆ ಇದು ನುಂಗಲಾರದ ತುತ್ತು.

ಪೆಟ್ರೋಲ್ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಗಂಟೆಗೆ ಸುಮಾರು 2 ಲೀಟರ್. ನಾಲ್ಕು ಗಂಟೆಗೆ 8, ಟ್ಯಾಂಕು 12. ಉಳಿಯುವ ಮೂರನೇ ಒಂದು ಪಾಲು ಮುಟ್ಟುವಂತಿಲ್ಲ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಮಲೆನಾಡಿನ ತೇವದಲ್ಲಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂತರೆ ನೀರು ಹೀರಿ ತಳದಲ್ಲಿ ಬೇರ್ಪಡುತ್ತದೆ. ಪ್ರತಿ ಸಲ ಹೊಸದು ತುಂಬಿ, ನೀರು ಸೋಸುವ ಫಿಲ್ಟರ್ ಹಾಕುವುದೇ ವಾಸಿ.

ಇನ್‌ಕಾಯ್ಸ್ (ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ) ಮುನ್ಸೂಚನೆಯ ತೆರೆ ಎತ್ತರವೆಂದರೆ ತೆರೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ. ಒಂಟಿ ತೆರೆ ಅದರ ಹತ್ತಿರ ಹತ್ತಿರ ಎರಡರಷ್ಟಿರಬಹುದು. 0.8 ಮೀಟರ್ ಮೀರಿದರೆ ಈ ದೋಣಿ ಟ್ರೇಲರಿನಲ್ಲೇ ಇರುತ್ತದೆ.

ಬಾಕಿ ಇರುವುದು ಲಂಗರು: 3 ಮೀಟರ್ ಸರಪಳಿ, 40 ಮೀಟರ್ 10 ಮಿ.ಮೀ. ನೈಲಾನ್ ಹಗ್ಗ. ಐದು ಮೀಟರ್ ಆಳಕ್ಕೆ ಕನಿಷ್ಠ 25 ಮೀಟರ್ ಬಿಡಬೇಕು, ಅದೂ ಮುಂತುದಿಯಿಂದಲೇ. ಬೆಳಗಿನ ನೆಲಗಾಳಿಯಲ್ಲಿ ಎಂಜಿನ್ ನಿಂತರೆ ದೋಣಿ ಹೊರಗಡಲಿಗೆ ಸಾಗುತ್ತದೆ, ಹಾಗಾಗಿ ಹಗ್ಗ ಗಂಟಿಲ್ಲದೆ ಬಕೆಟಿನಲ್ಲಿ ಸಿದ್ಧವಿರಬೇಕು. ಬಲೆಯ ಬೆಂಡು ಫ್ಯಾನಿಗೆ ಸಿಕ್ಕರೆ ಕೊಯ್ಯಲು ಗರಗಸಹಲ್ಲಿನ ಚಾಕು ಪಕ್ಕದಲ್ಲೇ. ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಎರಡನ್ನೂ ಒಳಹಲಗೆಯ ಮೇಲೆ ಪೇಂಟಿನಲ್ಲಿ ಬರೆಯುವುದಿದೆ. ಈ ವಾರದ ಕೆಲಸ ಅದು.