‘ಆ ಬಯಲಲ್ಲಿ ಜನ ಹೊಟ್ಟೆಗೇನು ಮಾಡ್ತಾರೆ?’

ಅಮೆರಿಕದ ಕಾನ್ಸಾಸ್‌ನಲ್ಲಿದ್ದೇನೆ ಎಂದರೆ ಸಾಕು, ನೆಂಟರು, ಗೆಳೆಯರು ಎಲ್ಲರೂ ಇದನ್ನೇ ಕೇಳುತ್ತಾರೆ. ‘ಅಲ್ಲಿ ಬರೀ ಬಯಲಂತೆ. ಬೆಟ್ಟ ಇಲ್ಲ, ಸಮುದ್ರ ಇಲ್ಲ. ಜನ ಹೊಟ್ಟೆಗೇನು ಮಾಡ್ತಾರೆ?’ ಇದಕ್ಕೆ ಉತ್ತರ ಹೇಳಲು ಇಡೀ ರಾಜ್ಯ ಸುತ್ತಬೇಕಿಲ್ಲ. ನೈಋತ್ಯ ಮೂಲೆಯ ಫಿನ್ನಿ ಕೌಂಟಿ ಒಂದನ್ನು ನೋಡಿದರೆ ಸಾಕು. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ.

ಸುಮಾರು 3,370 ಚದರ ಕಿಲೋಮೀಟರ್ ನೆಲ. 2020ರ ಜನಗಣತಿಯಲ್ಲಿ ಸಿಕ್ಕಿದ ಜನ 38,470. ಅವರಲ್ಲಿ ಹೆಚ್ಚಿನವರು ಇರುವುದು ಗಾರ್ಡನ್ ಸಿಟಿ ಎಂಬ ಒಂದೇ ಊರಿನಲ್ಲಿ. ಬಯಲು ಎಂದರೆ ತಗ್ಗು ಎಂದುಕೊಳ್ಳಬೇಡಿ, ಈ ಊರು ಸಮುದ್ರಮಟ್ಟದಿಂದ 860 ಮೀಟರ್ ಎತ್ತರದಲ್ಲಿದೆ. ಮಳೆ ವರ್ಷಕ್ಕೆ 19 ಇಂಚಿನ ಆಸುಪಾಸು. ಅದನ್ನೇ ನಂಬಿ ಕೂತರೆ ಗೋಧಿ, ಜೋಳ ಬಿಟ್ಟು ಹೆಚ್ಚೇನೂ ಕೈಗೆ ಬರುವುದಿಲ್ಲ.

ನಕ್ಷೆಯಲ್ಲಿ ಈ ಕೌಂಟಿಯ ಈಶಾನ್ಯಕ್ಕೆ ಒಂದು ತುಂಡು ಅಂಟಿಸಿದಂತೆ ಕಾಣುತ್ತದೆ. ಅದು ಹಿಂದೆ ಗಾರ್‌ಫೀಲ್ಡ್ ಎಂಬ ಬೇರೆಯೇ ಕೌಂಟಿ, 1887ರಲ್ಲಿ ಹುಟ್ಟಿದ್ದು. ಕೌಂಟಿಯ ಆಡಳಿತ ಕೇಂದ್ರ ಯಾವ ಊರಿನಲ್ಲಿರಬೇಕು ಎಂದು ರವಾನಾ ಮತ್ತು ಎಮಿನೆನ್ಸ್ ಊರುಗಳು ಕೋರ್ಟು ಹತ್ತಿದವು. ಎಮಿನೆನ್ಸ್ ಗೆದ್ದಿತು. ರವಾನಾದವರು ಸುಮ್ಮನಿರಲಿಲ್ಲ. ಕೌಂಟಿ ಎನಿಸಿಕೊಳ್ಳಲು ಕಾನೂನಿನ ಪ್ರಕಾರ 432 ಚದರ ಮೈಲಿ ಬೇಕು, ಇದು ಅಷ್ಟಿಲ್ಲ ಎಂದು ತೋರಿಸಿಕೊಟ್ಟರು. 1893ರಲ್ಲಿ ಕೌಂಟಿಯೇ ರದ್ದಾಗಿ ಫಿನ್ನಿಗೆ ಸೇರಿತು. ಈಗ ಎರಡೂ ಊರುಗಳು ಹಾಳು ಬಿದ್ದಿವೆ. ಗಾರ್ಡನ್ ಸಿಟಿ ಮಾತ್ರ ಬೆಳೆಯಿತು. 1872ರಲ್ಲೇ ಬಂದ ಸಾಂಟಾ ಫೆ ರೈಲು ಅದರ ಪಕ್ಕದಲ್ಲಿತ್ತು, ನದಿಯೂ ಇತ್ತು.

ಇತ್ತು ಎಂದೇ ಹೇಳಬೇಕು. ಆರ್ಕನ್ಸಾ ನದಿ ಹುಟ್ಟುವುದು ಮೇಲಿನ ಕೊಲೊರಾಡೊ ರಾಜ್ಯದ ಹಿಮದ ಬೆಟ್ಟಗಳಲ್ಲಿ. ಮೇಲಿನವರು ನೀರು ತಿರುಗಿಸಿಕೊಂಡರು ಎಂದು ಕಾನ್ಸಾಸ್ 1901ರಲ್ಲೇ ಸುಪ್ರೀಂ ಕೋರ್ಟಿಗೆ ಹೋಯಿತು. 1907ರ ತೀರ್ಪಿನಿಂದ ಕೈಗೇನೂ ಬರಲಿಲ್ಲ. 1948ರಲ್ಲಿ ಒಪ್ಪಂದವಾಯಿತು, 1985ರಲ್ಲಿ ಮತ್ತೆ ದಾವೆ, ಕೊನೆಗೆ 2005ರಲ್ಲಿ ಕೊಲೊರಾಡೊ ಸುಮಾರು 3.4 ಕೋಟಿ ಡಾಲರ್ ಕಟ್ಟಿಕೊಟ್ಟಿತು. ನಮಗೆ ಈ ಥರದ ಜಗಳ ಹೊಸದಲ್ಲ, ಅಲ್ವಾ? ದುಡ್ಡು ಬಂತು, ಹೊಳೆ ಮಾತ್ರ ಬರಲಿಲ್ಲ. ಗಾರ್ಡನ್ ಸಿಟಿಯ ಸೇತುವೆ ಮೇಲೆ ನಿಂತರೆ ಹೆಚ್ಚಿನ ದಿನ ಕಾಣುವುದು ಬರೀ ಮರಳು. ಅದರ ಮೇಲೆ ಹುಡುಗರು ಮೋಟಾರು ಗಾಡಿ ಓಡಿಸುತ್ತಾರೆ.

ಹಾಗಾದರೆ ಬೆಳೆ ಹೇಗೆ? ನೆಲದಡಿ ಓಗಲಾಲಾ ಎಂಬ ದೊಡ್ಡ ಅಂತರ್ಜಲವಿದೆ. 1930ರ ದಶಕದಲ್ಲಿ ಬರ ಬಿದ್ದು, ಉತ್ತ ಮಣ್ಣೆಲ್ಲ ಧೂಳಾಗಿ ಎದ್ದಾಗ ರೈತರಿಗೆ ಆ ನೀರನ್ನು ಬೇಕಾದಷ್ಟು ಎತ್ತುವ ದಾರಿ ಇರಲಿಲ್ಲ. ಎರಡನೇ ಮಹಾಯುದ್ಧದ ನಂತರ ಆಳದ ಬೋರ್‌ವೆಲ್‌ಗೆ ಒಳ್ಳೆಯ ಪಂಪು ಬಂತು. ಪಕ್ಕದ ಹ್ಯೂಗೊಟನ್ ಗ್ಯಾಸ್ ಬಾವಿಗಳಿಂದ ಎಂಜಿನ್ನಿಗೆ ಅಗ್ಗದ ಇಂಧನ ಸಿಕ್ಕಿತು. ಆಮೇಲೆ ಬಂದದ್ದು ಸುತ್ತುವ ಪೈಪು. ಹೊಲದ ನಡುವೆ ಬೋರ್‌ವೆಲ್, ಅಲ್ಲಿಂದ ಸುಮಾರು 400 ಮೀಟರ್ ಉದ್ದದ ಕೊಳವೆ, ಕೆಳಗೆ ಚಕ್ರಗಳು. ಅದು ಮೆಲ್ಲಗೆ ಸುತ್ತುತ್ತಾ ನೀರು ಚಿಮುಕಿಸುತ್ತದೆ. 160 ಎಕರೆಯ ಚೌಕದಲ್ಲಿ 125 ಎಕರೆಯಷ್ಟು ನೆನೆಯುತ್ತದೆ, ನಾಲ್ಕು ಮೂಲೆ ಒಣಗಿಯೇ ಇರುತ್ತವೆ. ವಿಮಾನದಿಂದ ಕಾಣುವ ಹಸಿರು ವೃತ್ತಗಳು ಇವೇ.

ಆ ನೀರಿನಿಂದ ಮೆಕ್ಕೆಜೋಳ, ಲೂಸರ್ನ್ ಮೇವು. ಅದನ್ನು ತಿನ್ನಲು ಫೀಡ್‌ಯಾರ್ಡುಗಳಲ್ಲಿ, ಅಂದರೆ ಮಾಂಸಕ್ಕಾಗಿ ದನ ಕೊಬ್ಬಿಸುವ ದೊಡ್ಡಿಗಳಲ್ಲಿ, ಸಾವಿರಾರು ದನಗಳು, ಒಂದೊಂದೂ ಐದಾರು ತಿಂಗಳು. ದನಗಳಿದ್ದಲ್ಲಿಗೆ ಮಾಂಸದ ಕಾರ್ಖಾನೆ. ಈ ಮಾತು ನಮ್ಮಲ್ಲಿ ಕೆಲವರಿಗೆ ಇಷ್ಟವಾಗುವುದಿಲ್ಲ, ಗೊತ್ತು. ಆದರೆ ಇದನ್ನು ಬಿಟ್ಟು ಫಿನ್ನಿಯ ಕಥೆ ಹೇಳಲು ಬರುವುದಿಲ್ಲ. 1980ರ ಕೊನೆಗೆ ಹಾಲ್‌ಕಂಬ್ ಊರಿನ ಹತ್ತಿರ ಐಬಿಪಿ ಕಂಪನಿ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾದ ಕಾರ್ಖಾನೆ ತೆರೆಯಿತು. ಈಗ ಅದು ಟೈಸನ್ ಕಂಪನಿಯದು. ದಿನಕ್ಕೆ 6,000 ದನ, ಮೂರು ಸಾವಿರಕ್ಕೂ ಜಾಸ್ತಿ ಕೆಲಸಗಾರರು. 2019ರ ಆಗಸ್ಟ್ 9ರಂದು ಅಲ್ಲಿ ಬೆಂಕಿ ಬಿದ್ದಾಗ ಇಡೀ ಅಮೆರಿಕದಲ್ಲಿ ದನದ ಬೆಲೆ ಬಿತ್ತು. ಅದು ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. 2000ದ ಕ್ರಿಸ್ಮಸ್ ರಾತ್ರಿ ಸುಟ್ಟುಹೋದ ಇನ್ನೊಂದು ಕಾರ್ಖಾನೆ ಮಾತ್ರ ಮತ್ತೆ ತೆರೆಯಲೇ ಇಲ್ಲ. ಸುಮಾರು 2,300 ಜನರ ಕೆಲಸ ಹೋಯಿತು.

ಈ ಕೆಲಸ ಬಹಳ ಕಷ್ಟದ್ದು. ಚಳಿ, ಚಾಕು, ನಿಲ್ಲದ ಸಾಲು. ಅದಕ್ಕೆ ದೂರದೂರದಿಂದ ಜನ ಬಂದರು. ಮೆಕ್ಸಿಕೊದವರು ಹಳಬರು, ರೈಲು ಕೆಲಸಕ್ಕೆ, 1906ರ ಸಕ್ಕರೆ ಕಾರ್ಖಾನೆಗೆ ಬೀಟ್ ಬೆಳೆಯುವ ಹೊಲಗಳಿಗೆ ಬಂದವರು. 1980ರ ದಶಕದಲ್ಲಿ ವಿಯೆಟ್ನಾಂ, ಲಾವೋಸ್‌ನವರು, ಆಮೇಲೆ ಸೊಮಾಲಿಯಾ, ಬರ್ಮಾದವರು. 2016ರಲ್ಲಿ ಸೊಮಾಲಿಗಳು ವಾಸವಿದ್ದ ಕಟ್ಟಡಕ್ಕೆ ಬಾಂಬ್ ಇಡಲು ಮೂವರು ಸಂಚು ಹೂಡಿದ್ದರು. ಮೊದಲೇ ಸಿಕ್ಕಿಬಿದ್ದರು, ಜೈಲಿಗೂ ಹೋದರು. ಅದರ ಮೇಲೂ ಊರು ಒಡೆಯಲಿಲ್ಲ. ಈ ಬಯಲಿನ ಎಷ್ಟೋ ಕೌಂಟಿಗಳಲ್ಲಿ ಜನ ಖಾಲಿಯಾಗಿ ಶಾಲೆಗಳಿಗೆ ಬೀಗ ಬೀಳುತ್ತಿರುವಾಗ ಗಾರ್ಡನ್ ಸಿಟಿಯ ಶಾಲೆಗಳಲ್ಲಿ ಹತ್ತಾರು ಭಾಷೆ ಕೇಳುತ್ತದೆ. ಫಿನ್ನಿಯ ನಿಜವಾದ ಸಂಪತ್ತು ಇದೇ ಎಂದು ನನಗನಿಸುತ್ತದೆ.

ಆದರೆ ಎಲ್ಲದರ ಬುಡ ನೀರು, ಅದು ಇಳಿಯುತ್ತಿದೆ. ಈ ಭಾಗದ ಕೆಲವು ಕಡೆ ಅಂತರ್ಜಲ ಮೊದಲಿದ್ದ ಮಟ್ಟಕ್ಕಿಂತ 100 ಅಡಿಗೂ ಹೆಚ್ಚು ಕೆಳಗೆ ಹೋಗಿದೆ. ಮಳೆಯಿಂದ ಮರಳಿ ಇಂಗುವುದು ವರ್ಷಕ್ಕೆ ಒಂದು ಇಂಚೂ ಇಲ್ಲ. ಉತ್ತರದ ಶೆರಿಡನ್ ಕೌಂಟಿಯ ಸುತ್ತಿನ ರೈತರು 2013ರಲ್ಲಿ ತಾವೇ ಕೂತು ಮಾತಾಡಿ ಐದು ವರ್ಷಕ್ಕೆ ನೀರಿನ ಬಳಕೆಯನ್ನು 20% ಇಳಿಸಿಕೊಂಡರು. ಸರ್ಕಾರ ಅದನ್ನು ಕಡ್ಡಾಯದ ನಿಯಮ ಮಾಡಿತು. ಇಳುವರಿ ಸ್ವಲ್ಪ ಇಳಿಯಿತು, ಖರ್ಚೂ ಇಳಿದದ್ದರಿಂದ ಲಾಭಕ್ಕೆ ಪೆಟ್ಟು ಬೀಳಲಿಲ್ಲ. ಫಿನ್ನಿಗೂ ಇಂಥ ನಿಯಮ ಬೇಗ ಬರಬೇಕು. ಇಷ್ಟವಿದ್ದವರು ಮಾತ್ರ ಉಳಿಸಿದರೆ ಸಾಲದು, ಒಬ್ಬ ಉಳಿಸಿದ ನೀರನ್ನು ಪಕ್ಕದವನ ಬೋರ್‌ವೆಲ್ ಎಳೆದುಕೊಳ್ಳುತ್ತದೆ. ಮೆಕ್ಕೆಜೋಳದ ಜಾಗಕ್ಕೆ ಜೋಳ ಹಾಕಿದರೂ ಕಡಿಮೆ ನೀರಿನಲ್ಲಿ ಬೆಳೆ ಬರುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವುದೇ ಕಾನ್ಸಾಸ್, ದನಗಳೂ ಅದನ್ನು ತಿನ್ನುತ್ತವೆ.